ಲಸಿಕೆ ಹಾಕಿಸಿಕೊಂಡ ತೋಳಿಗೆ ನಾಣ್ಯ ಅಂಟಿತಾ? ಮನೆಯಲ್ಲೇ ಪರೀಕ್ಷಿಸುವ ಸರಿಯಾದ ಕ್ರಮ

ತೋಳಿಗೆ ನಾಣ್ಯ ಅಂಟಿದ್ದನ್ನು ಕಣ್ಣಾರೆ ಕಂಡವರ ಹತ್ತಿರ ‘ಅದೆಲ್ಲ ಸುಳ್ಳು’ ಅಂದರೆ ಅವರು ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ನಾಣ್ಯ ಅಂಟಿದ್ದು ನಿಜ. ಅದು ಯಾಕೆ ಅಂಟಿತು ಅನ್ನುವುದಷ್ಟೇ ಪ್ರಶ್ನೆ.

2021ರ ಜೂನ್‌ನಲ್ಲಿ, ಕೋವಿಡ್ ಲಸಿಕೆ ಹಾಕಿಸಿಕೊಂಡರೆ ಮೈ ಮ್ಯಾಗ್ನೆಟ್ ಆಗುತ್ತದೆ ಅನ್ನುವ ಮಾತಿನ ಜೊತೆ, ನಾಸಿಕ್‌ನ ಹಿರಿಯರೊಬ್ಬರ ಮೈಗೆ ನಾಣ್ಯ, ಚಮಚ ಅಂಟಿದ ವಿಡಿಯೊ ಹರಿದಾಡಿತು. ಆಮೇಲೆ ನಮ್ಮ ಕಡೆಯೂ ಜಗಲಿ ಜಗಲಿಯಲ್ಲಿ ಇದೇ ಪ್ರಯೋಗ ನಡೆಯಿತು. ಇದನ್ನು ಸುಳ್ಳೆಂದು ತೋರಿಸಲು ಹೊರಟವರು ಸೋಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅವರು ಮೊದಲು ಚುಚ್ಚಿದ ತೋಳಿಗೇ ನಾಣ್ಯ ಒತ್ತುತ್ತಾರೆ. ಮಳೆಗಾಲದ ಮೈ, ನಾಣ್ಯ ಅಂಟಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಬೆವರು, ಎಣ್ಣೆ ಅಂತ ಏನೇ ಹೇಳಿದರೂ ಅದು ನೆಪದ ಹಾಗೆ ಕೇಳಿಸುತ್ತದೆ.

ಹಾಗಾಗಿ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಮೊದಲು ಮಾತು ಗಟ್ಟಿ ಮಾಡಿಕೊಳ್ಳಬೇಕು, ಆಮೇಲೆ ವಸ್ತುಗಳನ್ನು ನೋಡಬೇಕು, ಆಮೇಲೆ ಚುಚ್ಚದ ತೋಳು. ಚುಚ್ಚಿದ ತೋಳು ಕೊನೆಗೆ.

ನಮ್ಮ ಶಿವಮೊಗ್ಗ ಜಿಲ್ಲೆಗೆ ಇದು ಸುಮ್ನೆ ಕುತೂಹಲದ ವಿಷಯ ಅಲ್ಲ. ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದೇ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದಕ್ಕೆ ಹೊಸ ಲಸಿಕೆ ತಯಾರಿಸುವ ಕೆಲಸ ನಡೆದಿದೆ. ಲಸಿಕೆ ಊರಿಗೆ ಬಂದ ದಿನ ಜನ ಈ ಹಳೆಯ ವಿಡಿಯೊ ನೆನೆದು ಹಿಂಜರಿಯಬಾರದು. ಈ ಕ್ರಮವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕೇ.

## ಬೇಕಾದ ಸಾಮಾನು

ಒಂದು ಮ್ಯಾಗ್ನೆಟ್ ಬೇಕು. ಹಾಳಾದ ರೇಡಿಯೊ ಸ್ಪೀಕರ್‌ನಿಂದ ತೆಗೆದದ್ದಾದರೂ ಸರಿ, ಫ್ರಿಜ್ ಬಾಗಿಲಿಗೆ ಅಂಟಿಸುವ ಗಟ್ಟಿಯದ್ದಾದರೂ ಸರಿ. ಹಾಳಾದ ಇಯರ್‌ಫೋನ್ ಒಳಗೆ ಒಂದು ಪುಟ್ಟ ಬಿಲ್ಲೆ ಮ್ಯಾಗ್ನೆಟ್ ಇರುತ್ತದೆ, ಅದನ್ನೂ ತೆಗೆದಿಟ್ಟುಕೊಳ್ಳಿ.

ಜೊತೆಗೆ ಒಂದು ರೂಪಾಯಿಯ ಬಿಳಿ ನಾಣ್ಯ, ಐದು ರೂಪಾಯಿಯ ಹಳದಿ ನಾಣ್ಯ, ದೇವರ ಮನೆಯ ತಾಮ್ರದ ಉದ್ಧರಣೆ, ಒಂದೆರಡು ಸ್ಟೀಲ್ ಚಮಚ, ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ, ಕೇರಂ ಕಾಯಿ. ಸೋಪು, ಒಣ ಟವೆಲ್, ಮುಖಕ್ಕೆ ಹಾಕುವ ಪೌಡರ್ ಬೇಕು. ಪೌಡರ್ ಇಲ್ಲದಿದ್ದರೆ ನುಣ್ಣನೆಯ ಅಕ್ಕಿ ಹಿಟ್ಟು ಆಗುತ್ತದೆ. ಹೊಲಿಗೆ ಸೂಜಿ, ಪಿಂಗಾಣಿ ಬಟ್ಟಲು, ಅಳತೆ ಪಟ್ಟಿ, ಎರಡು ಮೂರು ನೋಟ್‌ಬುಕ್, ದಿಕ್ಸೂಚಿ ಇರುವ ಮೊಬೈಲ್. ಒಂದು ಹಾಳೆ, ಪೆನ್ನು.

ಎರಡು ಎಚ್ಚರಿಕೆಗಳಿವೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರ ಹತ್ತಿರ ಮ್ಯಾಗ್ನೆಟ್ ತರಬೇಡಿ. ಪುಟ್ಟ ಮ್ಯಾಗ್ನೆಟ್‌ಗಳು ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಎರಡು ಮ್ಯಾಗ್ನೆಟ್ ನುಂಗಿದರೆ ಅವು ಒಳಗೆ ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿ ಒಂದನ್ನೊಂದು ಹಿಡಿಯುತ್ತವೆ. ಕರುಳು ತೂತಾಗಬಹುದು, ಜೀವಕ್ಕೇ ಅಪಾಯ.

## ಹಂತ 1: ಏನನ್ನು ಪರೀಕ್ಷಿಸುತ್ತಿದ್ದೇವೆ ಅಂತ ಬರೆದುಕೊಳ್ಳಿ

‘ಮೈ ಮ್ಯಾಗ್ನೆಟ್ ಆಗಿದೆ’ ಅನ್ನುವ ಮಾತನ್ನು ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ, ಅದು ನಿಜವಾದರೆ ಏನೇನು ಆಗಬೇಕು ಅಂತ ಎಲ್ಲರೂ ಸೇರಿ ಬರೆಯಿರಿ. ನಾಣ್ಯ ಅಂಟಿತು ಅಂದವರ ಬಾಯಿಂದಲೇ ಹೇಳಿಸಿ. ‘ದೊಡ್ಡಪ್ಪ, ಮ್ಯಾಗ್ನೆಟ್ ಆದರೆ ಪ್ಲಾಸ್ಟಿಕ್ ಹಿಡಿಯುತ್ತಾ?’ ಅಂತ ಕೇಳಿದರೆ ಅವರೇ ಇಲ್ಲ ಅನ್ನುತ್ತಾರೆ.

ಮ್ಯಾಗ್ನೆಟ್‌ನ ಗುಣ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಅದು ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮತ್ತು ಅವು ಸೇರಿದ ಕೆಲವು ಮಿಶ್ರಲೋಹಗಳನ್ನು ಹಿಡಿಯುತ್ತದೆ. ತಾಮ್ರ, ಮರ, ಪ್ಲಾಸ್ಟಿಕ್ ಹಿಡಿಯುವುದಿಲ್ಲ. ತೆಳು ಬಟ್ಟೆ, ಕಾಗದ, ಪೌಡರ್ ನಡುವೆ ಇದ್ದರೂ ಹಿಡಿಯುತ್ತದೆ. ಒಣಗಿದ್ದರೂ ಒದ್ದೆಯಾಗಿದ್ದರೂ ಒಂದೇ. ಮುಟ್ಟದೆಯೇ, ದೂರದಿಂದಲೇ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ.

ಈ ಹಂತವನ್ನು ಬಿಟ್ಟರೆ ಪರೀಕ್ಷೆ ಜಗಳವಾಗುತ್ತದೆ. ಫಲಿತಾಂಶ ಬಂದ ಮೇಲೆ ‘ಇದು ಬೇರೆ ಥರದ ಮ್ಯಾಗ್ನೆಟ್’ ಅನ್ನುವ ಮಾತು ಬರುತ್ತದೆ. ಮೊದಲೇ ಬರೆದಿಟ್ಟರೆ ಹಾಳೆ ತೋರಿಸಿದರೆ ಸಾಕು.

## ಹಂತ 2: ವಸ್ತುಗಳನ್ನು ಮ್ಯಾಗ್ನೆಟ್‌ಗೆ ಮುಟ್ಟಿಸಿ ನೋಡಿ

ತಂದ ಪ್ರತಿಯೊಂದು ವಸ್ತುವನ್ನೂ ಮ್ಯಾಗ್ನೆಟ್‌ಗೆ ಮುಟ್ಟಿಸಿ. ಹಿಡಿಯುವವು ಒಂದು ಕಡೆ, ಹಿಡಿಯದವು ಇನ್ನೊಂದು ಕಡೆ. ಹಾಳೆಯಲ್ಲೂ ಹಾಗೇ ಬರೆಯಿರಿ.

ಈಗಿನ ಒಂದು, ಎರಡು ರೂಪಾಯಿಯ ಬಿಳಿ ನಾಣ್ಯಗಳು ಮ್ಯಾಗ್ನೆಟ್ ಹಿಡಿಯುವ ಸ್ಟೀಲ್‌ನವು. ಐದರ ಹಳದಿ ನಾಣ್ಯದಲ್ಲಿ ತಾಮ್ರವೇ ಜಾಸ್ತಿ, ಅದನ್ನು ಮ್ಯಾಗ್ನೆಟ್ ಮುಟ್ಟುವುದೇ ಇಲ್ಲ. ಆದರೆ ಬೇರೆ ಬೇರೆ ವರ್ಷದ ನಾಣ್ಯಗಳು ಬೇರೆ ಬೇರೆ ಲೋಹದವು. ಅದಕ್ಕೇ ನಿಮ್ಮ ಕೈಯಲ್ಲಿರುವ ನಾಣ್ಯವನ್ನೇ ಪರೀಕ್ಷಿಸಿ, ನನ್ನ ಮಾತನ್ನು ನೆಚ್ಚಿಕೊಳ್ಳಬೇಡಿ.

ಸ್ಟೀಲ್ ಪಾತ್ರೆಗಳ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅಡುಗೆ ಮನೆಯ ಸ್ಟೀಲ್ ಎಲ್ಲ ಒಂದೇ ಅಲ್ಲ. ಕ್ರೋಮಿಯಂ ಜೊತೆ ಸಾಕಷ್ಟು ನಿಕ್ಕಲ್ ಸೇರಿಸಿದ ಒಳ್ಳೆಯ ಸ್ಟೀಲ್‌ನ ಒಳಗಿನ ಜೋಡಣೆಯೇ ಬೇರೆ, ಅದನ್ನು ಮ್ಯಾಗ್ನೆಟ್ ಹಿಡಿಯುವುದಿಲ್ಲ. ಕಡಿಮೆ ಬೆಲೆಯ ಕೆಲವು ಚಮಚಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇನ್ನು ಕೆಲವು ಲೋಟಗಳ ಅಂಚು, ಬಾಗಿಸಿದ ಜಾಗ ಮಾತ್ರ ಚೂರು ಹಿಡಿಯುತ್ತದೆ, ಯಾಕೆಂದರೆ ಬಡಿದು ಬಾಗಿಸುವಾಗ ಅಲ್ಲಿನ ಜೋಡಣೆ ಬದಲಾಗಿರುತ್ತದೆ. ಅಂಥ ಅರೆಬರೆ ವಸ್ತುಗಳನ್ನು ಪಕ್ಕಕ್ಕಿಡಿ.

ನಿಮಗೆ ಮುಖ್ಯವಾಗಿ ಬೇಕಾದದ್ದು ಮ್ಯಾಗ್ನೆಟ್ ಹಿಡಿಯದ ಒಂದು ಸ್ಟೀಲ್ ಚಮಚ. ಅದು ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ನಿಜವಾದ ಮ್ಯಾಗ್ನೆಟ್‌ಗೇ ಅಂಟದ ಚಮಚ ತೋಳಿಗೆ ಅಂಟಿದರೆ, ಅಂಟಿಸಿದ್ದು ಮ್ಯಾಗ್ನೆಟ್ ಬಲ ಆಗಿರಲಿಕ್ಕಿಲ್ಲ ಅಲ್ವಾ?

## ಹಂತ 3: ಚುಚ್ಚದ ಜಾಗದಿಂದ ಶುರು ಮಾಡಿ

ಲಸಿಕೆಯನ್ನು ಸಾಮಾನ್ಯವಾಗಿ ಎಡ ತೋಳಿಗೆ ಹಾಕಿರುತ್ತಾರೆ. ಹಾಗಿದ್ದರೆ ಮೊದಲು ಬಲ ತೋಳು, ಆಮೇಲೆ ಹಣೆ, ಎದೆಯ ಮೇಲ್ಭಾಗ. ನಾಣ್ಯವನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಎಲ್ಲ ಕಡೆ ಒಂದೇ ಸಮ ಒತ್ತಿ, ಒಬ್ಬರೇ ಒತ್ತಿ. ಯಾವ ತೋಳಿಗೆ ಚುಚ್ಚಿದ್ದು ಅಂತ ಒತ್ತುವವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಗೊತ್ತಿದ್ದರೆ ಕೈ ತಾನಾಗಿಯೇ ಆ ಕಡೆ ಗಟ್ಟಿಯಾಗಿ ಒತ್ತುತ್ತದೆ.

ಎರಡು ಗುಂಪಿನ ವಸ್ತುಗಳನ್ನೂ ಹಾಕಿ ನೋಡಿ: ಬಿಳಿ ನಾಣ್ಯ, ಹಳದಿ ನಾಣ್ಯ, ಉದ್ಧರಣೆ, ಪ್ಲಾಸ್ಟಿಕ್ ಮುಚ್ಚಳದ ಚಪ್ಪಟೆ ಮುಖ, ಕೇರಂ ಕಾಯಿ. ಜಿಗುಟು ಮೈಗೆ ಇವುಗಳಲ್ಲಿ ಹೆಚ್ಚಿನವು ಅಂಟುತ್ತವೆ. ಇದನ್ನು ಎಲ್ಲರೂ ನೋಡಿದ ಮೇಲೆ, ಬೇಕಾದರೆ ಚುಚ್ಚಿದ ತೋಳಿಗೂ ಒಮ್ಮೆ ಒತ್ತಿ. ಅಲ್ಲೂ ಅಂಟುತ್ತದೆ. ಆದರೆ ಈಗ ಅದನ್ನು ನೋಡುವ ಕಣ್ಣೇ ಬೇರೆ ಆಗಿರುತ್ತದೆ.

ಅಂಟಿಸುವುದು ಏನು? ಮೈಯ ಜಿಡ್ಡು, ಬೆವರು, ಮತ್ತು ಅವು ಮಾಡುವ ತೆಳು ಪದರ. ಒದ್ದೆಯಾದ ಎರಡು ಗಾಜಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಎಳೆದು ನೋಡಿ, ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ನಡೆಯುವುದೂ ಅದೇ, ದ್ರವದ ಮೇಲ್ಮೈ ಎಳೆತ. 2011ರ ಸರಣಿಯ ಒಂದು ರೂಪಾಯಿ ನಾಣ್ಯ ಸುಮಾರು 3.8 ಗ್ರಾಂ ತೂಗುತ್ತದೆ, ಅಗಲ ಸುಮಾರು 22 ಮಿಲಿಮೀಟರ್. ಅದರ ಪೂರ್ತಿ ಮುಖಕ್ಕೆ 0.1 ಮಿಲಿಮೀಟರ್ ದಪ್ಪದ ನೀರಿನ ಪದರ ಹಿಡಿದರೆ, ಆ ಪದರ ಎಳೆಯುವ ಬಲ ನಾಣ್ಯದ ತೂಕದ ಹತ್ತು ಪಟ್ಟಿಗಿಂತ ಜಾಸ್ತಿ ಬರುತ್ತದೆ. ಮೈ ನಯವಾದ ಗಾಜಲ್ಲ, ಬೆವರು ಬರಿಯ ನೀರೂ ಅಲ್ಲ, ಪದರ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ. ಆದರೂ ಇಷ್ಟು ಹಗುರದ ನಾಣ್ಯ ನಿಲ್ಲಲು ಅದು ಸಾಕು.

ಮಲೆನಾಡಿನಲ್ಲಿ ಇದು ಇನ್ನೂ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ, ಮೈ ಒಣಗುವುದೇ ಇಲ್ಲ. ತಲೆಗೆ ಹಾಕಿದ ತೆಂಗಿನೆಣ್ಣೆ ಕುತ್ತಿಗೆಗೆ ಇಳಿದಿರುತ್ತದೆ. ಕಾಡಿಗೆ ಹೋಗುವವರು ಉಣುಗಿನಿಂದ ತಪ್ಪಿಸಿಕೊಳ್ಳಲು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿರುತ್ತಾರೆ. ಪರೀಕ್ಷೆಗೆ ಕೂತವರು ಅವತ್ತು ಮೈಗೆ ಏನು ಹಚ್ಚಿದ್ದಾರೆ ಅಂತ ತಪ್ಪದೆ ಕೇಳಿ, ಬರೆದುಕೊಳ್ಳಿ.

## ಹಂತ 4: ಪೌಡರ್ ಪರೀಕ್ಷೆ

ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಇದು. ಆದರೆ ಇದಕ್ಕೊಂದು ಮುನ್ನುಡಿ ಬೇಕು, ಹೆಚ್ಚಿನವರು ಅದನ್ನೇ ಬಿಡುತ್ತಾರೆ.

ಮೈಗೆ ಪೌಡರ್ ಹಾಕುವ ಮೊದಲು ಒಂದು ಕಾಗದಕ್ಕೆ ಪೌಡರ್ ಸವರಿ. ಹಿಂದಿನಿಂದ ಮ್ಯಾಗ್ನೆಟ್ ಹಿಡಿದು, ಮುಂದೆ ಒಂದು ರೂಪಾಯಿ ನಾಣ್ಯ ಇಡಿ. ಕಾಗದವನ್ನು ನೆಟ್ಟಗೆ ನಿಲ್ಲಿಸಿ. ನಾಣ್ಯ ನಿಲ್ಲುತ್ತದೆ. ಪೌಡರ್ ಮ್ಯಾಗ್ನೆಟ್ ಬಲವನ್ನು ತಡೆಯುವುದಿಲ್ಲ ಅನ್ನುವುದನ್ನು ಎಲ್ಲರೂ ನೋಡಲಿ. ಇದನ್ನು ತೋರಿಸದೆ ಮುಂದೆ ಹೋದರೆ ‘ಪೌಡರ್ ಹಾಕಿದ್ದಕ್ಕೆ ಶಕ್ತಿ ಹೋಯಿತು’ ಅನ್ನುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಈಗ ಎರಡೂ ತೋಳನ್ನು ಸೋಪು ಹಾಕಿ ತೊಳೆಯಿರಿ. ಒಣ ಟವೆಲಿನಿಂದ ಚೆನ್ನಾಗಿ ಒರೆಸಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತಿರಲಿ. ನಾಣ್ಯವನ್ನೂ ಚಮಚವನ್ನೂ ತೊಳೆದು ಒರೆಸಿ. ನಾಣ್ಯಕ್ಕೇ ಜಿಡ್ಡು ಮೆತ್ತಿರುತ್ತದೆ, ಅದನ್ನು ಮರೆತರೆ ಪರೀಕ್ಷೆ ಕೆಡುತ್ತದೆ. ಆಮೇಲೆ ಎರಡೂ ತೋಳಿಗೆ ಪೌಡರ್ ತೆಳ್ಳಗೆ ಸವರಿ, ಜಾಸ್ತಿಯಾದದ್ದನ್ನು ಕೊಡವಿ.

ಚುಚ್ಚದ ತೋಳಿಗೆ ನಾಣ್ಯ ಒತ್ತಿ ಬಿಡಿ. ಬೀಳುತ್ತದೆ. ಚುಚ್ಚಿದ ತೋಳಿಗೆ ಒತ್ತಿ ಬಿಡಿ. ಬೀಳುತ್ತದೆ. ಹಿಂದೆಲ್ಲ ಮೈಗೆ ಲೋಹ ಅಂಟಿಸಿಕೊಂಡು ತೋರಿಸುತ್ತಿದ್ದವರ ಮುಂದೆ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಬಳಸಿದ್ದೂ ಇದೇ ಪೌಡರ್ ಉಪಾಯ.

ಬೀಳದಿದ್ದರೆ? ನಾಣ್ಯ ತಿರುಗಿಸಿ ನೋಡಿ. ಅದರ ಮೇಲೆ ಪೌಡರ್ ಒದ್ದೆಯಾಗಿ ಹಿಟ್ಟಿನ ಮುದ್ದೆಯ ಥರ ಕೂತಿದ್ದರೆ ತೋಳು ಇನ್ನೂ ಬೆವರುತ್ತಿದೆ ಅಂತ ಅರ್ಥ. ಒರೆಸಿ ಮತ್ತೆ ಶುರು ಮಾಡಿ. ತೋಳು ಪೂರ್ತಿ ನೆಟ್ಟಗಿದೆಯೇ ಅಂತಲೂ ನೋಡಿ. ವಿಡಿಯೊಗಳಲ್ಲಿ ಎಷ್ಟೋ ಜನ ಸ್ವಲ್ಪ ಹಿಂದಕ್ಕೆ ವಾಲಿ ನಿಂತಿರುತ್ತಾರೆ. ಆಗ ನಾಣ್ಯ ಅಂಟಿರುವುದಿಲ್ಲ, ಮೈಮೇಲೆ ಕೂತಿರುತ್ತದೆ. ಚುಚ್ಚಿದ ಜಾಗ ಕೆಳಮುಖ ಆಗುವ ಹಾಗೆ ಬಾಗಿಸಿದರೆ ಸಂಶಯ ಉಳಿಯುವುದಿಲ್ಲ.

ನಾಣ್ಯದ ಬದಲು ಪುಟ್ಟ ಮ್ಯಾಗ್ನೆಟ್ಟನ್ನೇ ತೋಳಿಗೆ ಅಂಟಿಸಿ ತೋರಿಸುವವರೂ ಇದ್ದಾರೆ. ಅದೂ ಇದೇ ಜಿಡ್ಡಿನ ಕೆಲಸ. ಅದರಷ್ಟೇ ಅಗಲ, ಅದರಷ್ಟೇ ತೂಕದ ಬೇರೆ ವಸ್ತುವನ್ನು ಪಕ್ಕದಲ್ಲಿ ಅಂಟಿಸಿ, ಆಮೇಲೆ ಎರಡಕ್ಕೂ ಪೌಡರ್ ಪರೀಕ್ಷೆ ಮಾಡಿ.

## ಹಂತ 5: ಸೂಜಿಯ ದಿಕ್ಸೂಚಿ

ಹೊಲಿಗೆ ಸೂಜಿಯನ್ನು ಮ್ಯಾಗ್ನೆಟ್‌ನ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಉಜ್ಜಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಆಗುವುದಿಲ್ಲ. ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಎಲೆಯ ಸಣ್ಣ ಚೂರು ತೇಲಿಸಿ, ಅದರ ಮೇಲೆ ಸೂಜಿ ಮಲಗಿಸಿ. ಅದು ನಿಧಾನವಾಗಿ ತಿರುಗಿ ಉತ್ತರ-ದಕ್ಷಿಣಕ್ಕೆ ನಿಲ್ಲುತ್ತದೆ. ಸ್ಟೀಲ್ ಬಟ್ಟಲು ಬೇಡ. ಕಬ್ಬಿಣದ ಮಂಚ, ಗ್ಯಾಸ್ ಸಿಲಿಂಡರ್, ತಗಡಿನ ಬೀರು ಹತ್ತಿರ ಇರಬಾರದು.

ಮೊದಲು ಮ್ಯಾಗ್ನೆಟ್ ತಂದು ತೋರಿಸಿ. ಒಂದು ಗೇಣು ದೂರದಿಂದಲೇ ಸೂಜಿ ಅಲ್ಲಾಡುತ್ತದೆ. ಆಮೇಲೆ ಬಳೆ, ಗಡಿಯಾರ, ಉಂಗುರ ತೆಗೆಸಿ, ತೋಳನ್ನು ಬಟ್ಟಲಿನ ಪಕ್ಕಕ್ಕೆ ತನ್ನಿ. ಎಡ ತೋಳು, ಬಲ ತೋಳು, ಎರಡೂ. ಸೂಜಿ ಇದ್ದ ಹಾಗೇ ಇರುತ್ತದೆ.

ಉಸಿರು ತಾಗಿದರೂ ಎಲೆ ಸರಿಯುತ್ತದೆ, ಫ್ಯಾನ್ ನಿಲ್ಲಿಸಿ. ಎಲೆ ಇಡಿಯಾಗಿ ಆಚೀಚೆ ಸರಿದರೆ ಅದು ಗಾಳಿಯ ಕೆಲಸ. ಮ್ಯಾಗ್ನೆಟ್ ಕೆಲಸವಾದರೆ ಸೂಜಿಯ ಒಂದು ತುದಿ ಹತ್ತಿರ ಬರುತ್ತದೆ, ಮ್ಯಾಗ್ನೆಟ್ ತಿರುಗಿಸಿ ಹಿಡಿದರೆ ಇನ್ನೊಂದು ತುದಿ ಬರುತ್ತದೆ.

## ಹಂತ 6: ಮೊಬೈಲ್‌ನಲ್ಲಿ ಅಳೆಯಿರಿ

ದಿಕ್ಸೂಚಿ ಇರುವ ಮೊಬೈಲ್ ಒಳಗೆ ಮ್ಯಾಗ್ನೆಟ್ ಬಲ ಅಳೆಯುವ ಸೆನ್ಸರ್ ಇರುತ್ತದೆ. ಅದರ ಅಂಕಿಯನ್ನು ಮೈಕ್ರೊಟೆಸ್ಲಾ ಲೆಕ್ಕದಲ್ಲಿ ತೋರಿಸುವ ಉಚಿತ ಆ್ಯಪ್‌ಗಳು ಸಿಗುತ್ತವೆ. ಮೊಬೈಲ್‌ನ ಕವರ್ ತೆಗೆಯಿರಿ, ಕೆಲವು ಕವರ್‌ಗಳಲ್ಲಿ ಮ್ಯಾಗ್ನೆಟ್ ಇರುತ್ತದೆ. ಗಾಳಿಯಲ್ಲಿ ಇಂಗ್ಲಿಷ್‌ನ 8ರ ಆಕಾರದಲ್ಲಿ ನಾಲ್ಕಾರು ಸಲ ತಿರುಗಿಸಿ, ಆಗ ಸೆನ್ಸರ್ ಸರಿಹೋಗುತ್ತದೆ.

ಅಂಗಳದಲ್ಲಿ, ಕಬ್ಬಿಣದಿಂದ ದೂರ ನಿಂತರೆ ನಮ್ಮ ಕಡೆ 40ರ ಆಸುಪಾಸು ತೋರಿಸಬೇಕು. ಅದು ಭೂಮಿಯದೇ ಬಲ. ಇಯರ್‌ಫೋನಿನ ಪುಟ್ಟ ಬಿಲ್ಲೆಯನ್ನು ಐದು ಸೆಂಟಿಮೀಟರ್ ದೂರಕ್ಕೆ ತಂದರೆ ಅಂಕಿ ಎದ್ದು ಕಾಣುವಷ್ಟು ಬದಲಾಗುತ್ತದೆ. ಗಟ್ಟಿ ಮ್ಯಾಗ್ನೆಟ್ಟನ್ನು ಮೊಬೈಲ್‌ಗೆ ಅಂಟಿಸಬೇಡಿ, ಸೆನ್ಸರ್ ದಾರಿ ತಪ್ಪುತ್ತದೆ.

ಮೊಬೈಲನ್ನು ಮೇಜಿನ ಮೇಲೆ ಅಲುಗಾಡದ ಹಾಗೆ ಇಟ್ಟು, ತೋಳನ್ನೇ ಹತ್ತಿರ ತನ್ನಿ. ಇದು ತುಂಬಾ ಮುಖ್ಯ. ಕೈಯಲ್ಲಿ ಹಿಡಿದು ಓಡಾಡಿಸಿದರೆ ಗೋಡೆಯೊಳಗಿನ ಕಂಬಿ, ಕುರ್ಚಿಯ ಕಾಲು ಎಲ್ಲ ಸೇರಿ ಅಂಕಿ ಏರಿಳಿಯುತ್ತದೆ, ಅದನ್ನೇ ತೋಳಿನ ಬಲ ಅಂದುಕೊಳ್ಳುತ್ತಾರೆ. ಒಂದೆರಡು ಮೈಕ್ರೊಟೆಸ್ಲಾ ಆಚೀಚೆ ಆಗುವುದು ಸಹಜ, ಅದಕ್ಕೆ ಬೆಲೆ ಕೊಡಬೇಡಿ.

## ಹಂತ 7: ಅರ್ಧ ಗ್ರಾಂನ ಲೆಕ್ಕ

‘ಲಸಿಕೆಯೊಳಗೆ ಏನೋ ಹಾಕಿರಬಹುದಲ್ಲ?’ ಅನ್ನುವವರಿಗೆ ಈ ಹಂತ. ಹಾಕಿದ್ದಾರೆ ಅಂತಲೇ ಇಟ್ಟುಕೊಂಡು ನೋಡೋಣ.

ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ, ಒಂದು ಡೋಸ್ ಅಂದರೆ 0.5 ಮಿಲಿಲೀಟರ್, ಹೆಚ್ಚೂಕಡಿಮೆ ಅರ್ಧ ಗ್ರಾಂ. ಅದು ಚರ್ಮ, ಕೊಬ್ಬು ದಾಟಿ ಸ್ನಾಯುವಿಗೆ ಹೋಗುತ್ತದೆ. ಮೇಲಿನಿಂದ ಒಂದೆರಡು ಸೆಂಟಿಮೀಟರ್ ಆಳ ಅಂದುಕೊಳ್ಳಿ. ಈಗ ಆ ಅರ್ಧ ಗ್ರಾಂ ಪೂರ್ತಿ ಗಟ್ಟಿ ಮ್ಯಾಗ್ನೆಟ್ಟೇ ಆಗಿದ್ದರೆ ಏನಾಗುತ್ತಿತ್ತು?

ಇಯರ್‌ಫೋನಿನ ಬಿಲ್ಲೆ ಹೆಚ್ಚೂಕಡಿಮೆ ಅಷ್ಟೇ ತೂಕದ್ದು. ನೋಟ್‌ಬುಕ್ ಹಾಳೆಗಳನ್ನು ಒತ್ತಿ ಹಿಡಿದು, ಅಳತೆ ಪಟ್ಟಿಯಲ್ಲಿ 1.5 ಸೆಂಟಿಮೀಟರ್ ದಪ್ಪ ಮಾಡಿ. ಒಂದು ಕಡೆ ಬಿಲ್ಲೆ, ಇನ್ನೊಂದು ಕಡೆ ಒಂದು ರೂಪಾಯಿ ನಾಣ್ಯ. ನೆಟ್ಟಗೆ ನಿಲ್ಲಿಸಿ ಕೈ ಬಿಡಿ. ನಾಣ್ಯ ಬೀಳುತ್ತದೆ. ಈಗ ಹಾಳೆ ಕಡಿಮೆ ಮಾಡುತ್ತಾ ಬನ್ನಿ. ಕೆಲವೇ ಮಿಲಿಮೀಟರ್ ಉಳಿದಾಗ ಮಾತ್ರ ನಾಣ್ಯ ನಿಲ್ಲುತ್ತದೆ. ದೂರ ಎರಡು ಪಟ್ಟಾದರೆ ಮ್ಯಾಗ್ನೆಟ್‌ನ ಬಲ ಅರ್ಧ ಆಗುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕುಸಿಯುತ್ತದೆ. ಹೈಸ್ಕೂಲ್ ಮಕ್ಕಳ ಕೈಯಲ್ಲಿ ಮಾಡಿಸಿ. ಎಷ್ಟು ಮಿಲಿಮೀಟರ್‌ಗೆ ನಿಂತಿತು ಅಂತ ಅವರೇ ಬರೆದುಕೊಳ್ಳಲಿ.

ಅಂದರೆ ಡೋಸ್ ಪೂರ್ತಿ ಮ್ಯಾಗ್ನೆಟ್ ಆದರೂ ನಾಣ್ಯ ನಿಲ್ಲುವುದಿಲ್ಲ. ಅದೂ ಗಟ್ಟಿ ಬಿಲ್ಲೆಯಾಗಿ ಒಂದೇ ಕಡೆ ಕೂತರೆ. ಲಸಿಕೆ ನೀರಿನಂಥ ದ್ರವ, ಸ್ನಾಯುವಿನ ಎಳೆಗಳ ನಡುವೆ ಹರಡಿ ಹೋಗುತ್ತದೆ. ಸೂಜಿಯ ರಂಧ್ರ ಅರ್ಧ ಮಿಲಿಮೀಟರ್ ಕೂಡ ಇಲ್ಲ.

ನಿಜವಾಗಿ ಅದರಲ್ಲಿ ಇರುವುದೂ ಗೊತ್ತಿರುವ ವಿಷಯವೇ. ಕೋವಿಶೀಲ್ಡ್‌ನಲ್ಲಿ ಸಕ್ಕರೆ, ಉಪ್ಪು, ಹಿಸ್ಟಿಡಿನ್, ಮೆಗ್ನೀಸಿಯಂ ಕ್ಲೋರೈಡ್, ಪಾಲಿಸಾರ್ಬೇಟ್, ಚೂರು ಎಥನಾಲ್ ಇವೆ. ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇದೆ. ‘ಲೋಹ ಇದೆಯಲ್ಲ’ ಅಂದರೆ ಮನೆಯ ಅಲ್ಯೂಮಿನಿಯಂ ಪಾತ್ರೆಗೆ ಮ್ಯಾಗ್ನೆಟ್ ಹಿಡಿದು ತೋರಿಸಿ.

ರಕ್ತದ ಕಬ್ಬಿಣದ ಪ್ರಶ್ನೆಯೂ ಬಂದೇ ಬರುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು 4 ಗ್ರಾಂ ಕಬ್ಬಿಣ ಇರುತ್ತದೆ, ಹೆಚ್ಚಿನದು ಹಿಮೋಗ್ಲೋಬಿನ್ ಒಳಗೆ. ಅಲ್ಲಿ ಒಂದೊಂದು ಕಬ್ಬಿಣದ ಪರಮಾಣುವೂ ಬೇರೆ ಬೇರೆಯಾಗಿ ಕೂತಿರುತ್ತದೆ. ಮ್ಯಾಗ್ನೆಟ್ ಗುಣ ಬರುವುದು ಕೋಟಿಗಟ್ಟಲೆ ಪರಮಾಣುಗಳು ಒತ್ತಾಗಿ ಸೇರಿ ಒಂದೇ ದಿಕ್ಕಿಗೆ ಸಾಲು ನಿಂತಾಗ. ಮೈಯೊಳಗಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರದ ಮ್ಯಾಗ್ನೆಟ್ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ನಮ್ಮ ಅಂಗಳದ 40 ಮೈಕ್ರೊಟೆಸ್ಲಾಗೆ ಹೋಲಿಸಿದರೆ 37 ಸಾವಿರ ಪಟ್ಟಿಗೂ ಜಾಸ್ತಿ. ಲಸಿಕೆ ಹಾಕಿಸಿಕೊಂಡವರು ದಿನಾ ಅದರೊಳಗೆ ಮಲಗಿ ಎದ್ದು ಬರುತ್ತಿದ್ದಾರೆ.

## ಹಂತ 8: ಫಲಿತಾಂಶ ಹೇಳುವಾಗ

ಹಾಳೆಯನ್ನು ನಾಣ್ಯ ಅಂಟಿತು ಅಂದವರ ಕೈಗೇ ಕೊಡಿ, ಅವರೇ ಓದಲಿ. ‘ನೋಡಿ ಅಜ್ಜ, ನೀವು ಹೇಳಿದ ಹಾಗೆ ನಾಣ್ಯ ಅಂಟಿದ್ದು ಹೌದು. ಪೌಡರ್ ಹಾಕಿದ ಮೇಲೆ ಬಿತ್ತು, ಸೂಜಿ ತಿರುಗಲಿಲ್ಲ’ ಅಂದರೆ ಸಾಕು. ಮಕ್ಕಳ ಮುಂದೆ ನಗಬೇಡಿ. ನಕ್ಕರೆ ಅವರು ಮುಂದಿನ ಲಸಿಕೆಗೂ ಬರುವುದಿಲ್ಲ.

ವಿಡಿಯೊ ಮಾಡುವುದಾದರೆ ಒಂದರಿಂದ ಕೊನೆಯವರೆಗೆ ಕಡಿಯದೆ ಮಾಡಿ. ನಾಣ್ಯ ಅಂಟಿದ ಭಾಗವಷ್ಟನ್ನು ಯಾರೋ ಕತ್ತರಿಸಿ ಹಂಚಿದರೆ ನಿಮ್ಮದೇ ಪ್ರಯೋಗ ವದಂತಿಗೆ ಸಾಕ್ಷಿಯಾಗುತ್ತದೆ.

## ಯಾವಾಗ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು

ಚುಚ್ಚಿದ ದಿನ, ಮಾರನೇ ದಿನ ತೋಳು ನೋಯುವುದು, ಕೊಂಚ ಊದುವುದು ಸಾಮಾನ್ಯ. ಆಗ ನಾಣ್ಯ ಒತ್ತಿ ನೋಯಿಸಬೇಡಿ, ನೋವು ಹೋದ ಮೇಲೆ ಮಾಡಿ. ಊತ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಕೀವು ಕಂಡರೆ, ಜ್ವರ ಇಳಿಯದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚುಚ್ಚಿದ ಕೂಡಲೇ ಉಸಿರಾಟದ ತೊಂದರೆ, ಮುಖ ಊದುವುದು ಕಂಡರೆ ಒಂದು ಕ್ಷಣವೂ ಕಾಯಬೇಡಿ.

ಎಲ್ಲ ಸರಿಯಾಗಿ ಮಾಡಿದರೂ ಮೈಯ ಒಂದೇ ಜಾಗದ ಹತ್ತಿರ ಸೂಜಿ ಮತ್ತೆ ಮತ್ತೆ ತಿರುಗಿದರೆ, ಮೊದಲು ಬಟ್ಟೆಯ ಹುಕ್ಕು, ತಾಯಿತ, ಉಡಿದಾರದ ಕೀಲಿಕೈ ನೋಡಿ. ಅವು ಯಾವುದೂ ಇಲ್ಲದಿದ್ದರೆ, ಆ ವ್ಯಕ್ತಿ ಭದ್ರಾವತಿಯ ಫೌಂಡ್ರಿಯಲ್ಲೋ, ಗ್ಯಾರೇಜ್‌ನಲ್ಲೋ, ವೆಲ್ಡಿಂಗ್ ಅಂಗಡಿಯಲ್ಲೋ ಕೆಲಸ ಮಾಡಿದ್ದಾರೆಯೇ ಅಂತ ಕೇಳಿ. ಅಂಥ ಕಡೆ ಕಬ್ಬಿಣದ ಸಣ್ಣ ಚೂರು ಸಿಡಿದು ಚರ್ಮದೊಳಗೆ, ಕೆಲವೊಮ್ಮೆ ಕಣ್ಣೊಳಗೆ ಸೇರಿ ಉಳಿದುಬಿಡುತ್ತದೆ. ಅದು ಲಸಿಕೆಗೆ ಸಂಬಂಧವಿಲ್ಲದ, ಆದರೆ ನಿಜವಾದ ಅಪಾಯ. ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ಒಳಗೆ ಹೋಗುವ ಮೊದಲೇ ಅಲ್ಲಿನ ಸಿಬ್ಬಂದಿಗೆ ಹೇಳಬೇಕು, ಎಕ್ಸ್‌ರೇ ತೆಗೆಸಿ ನೋಡಬೇಕು.